ಯಾವ ಕಾಳು ಅಂತ ಮೊದಲು ಕೇಳಿ

ಮಾನ್ಯ ಸಂಪಾದಕರೇ,

ಹಬ್ಬ ಹತ್ತಿರ ಬಂದರೆ ಸಾಕು, ಪತ್ರಿಕೆಗಳಲ್ಲಿ ಮನೆ ಹಿಟ್ಟಿನ ಮಿಲ್ಲಿನ ಜಾಹೀರಾತು ಶುರುವಾಗುತ್ತದೆ. ಒಂದು ಎಚ್‌ಪಿ ಮೋಟಾರು, ಐದಾರು ಜಾಲರಿ, ಅಡುಗೆಮನೆಗೆ ಒಪ್ಪುವ ಬಣ್ಣ. ಯಾವ ಕಾಳು ಹಾಕುತ್ತೀರಿ ಅಂತ ಮಾತ್ರ ಯಾರೂ ಕೇಳುವುದಿಲ್ಲ. ನಾನು ಮಂಡ್ಯದಲ್ಲಿ 28 ವರ್ಷದಿಂದ ಕಲ್ಲಿನ ಮಿಲ್ ಓಡಿಸುತ್ತಿದ್ದೇನೆ. ಹೊಟ್ಟೆಕಿಚ್ಚಿಗೆ ಬರೆದಿದ್ದಾನೆ ಅನ್ನುವವರು ಅನ್ನಲಿ. ಸ್ವಲ್ಪ ನಿಜವೂ ಹೌದು.

ಇದನ್ನು ನನ್ನ ತಲೆಗೆ ಹತ್ತಿಸಿದ್ದು ಅಮೆರಿಕದಲ್ಲಿರುವ ಅಕ್ಕನ ಮಗ. ಅವನು ಮನೆಯಲ್ಲೇ ಬಿಯರ್ ಮಾಡುತ್ತಾನೆ. ಅಕ್ಕನಿಗೆ ಗೊತ್ತಿಲ್ಲ. ಪುಣ್ಯಕ್ಕೆ ಅವಳು ಪೇಪರ್ ಓದುವುದಿಲ್ಲ. ಅಲ್ಲಿ 1978ರ ಕಾನೂನು ಮನೆಬಳಕೆಗೆ ಬಿಯರ್ ಮಾಡಲು ಬಿಟ್ಟಿದೆ. ನಮ್ಮಲ್ಲಿ ಅಬಕಾರಿ ಕಾಯ್ದೆ ಬಿಡುವುದಿಲ್ಲ, ಹಾಗಾಗಿ ಈ ಕಾಗದ ಓದಿ ಯಾರೂ ಹಂಡೆ ಇಳಿಸಬೇಡಿ.

ಮೊದಲ ಸಲ ಅವನು ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು ಮಿಕ್ಸಿಯಲ್ಲಿ ನುಣ್ಣಗೆ ಪುಡಿ ಮಾಡಿದನಂತೆ. ಬಿಸಿನೀರಲ್ಲಿ ಕಲಸಿ ಒಂದು ಗಂಟೆ ಬಿಟ್ಟು ಕೆಳಗಿನ ನಲ್ಲಿ ತಿರುಗಿಸಿದರೆ ಬಿಯರಿಗೆ ಬೇಕಾದ ಸಿಹಿ ರಸ ಒಂದು ತೊಟ್ಟೂ ಇಳಿಯಲಿಲ್ಲ. ನಮಗೆ ರಾತ್ರಿ ಹನ್ನೊಂದು ಗಂಟೆ, ವಿಡಿಯೊ ಕಾಲ್ ಬಂತು. ನೋಡಿದರೆ ಪಾತ್ರೆ ತುಂಬ ಮುದ್ದೆ! "ಮಾವ, ನೀವು ಮಿಲ್ಲಿನವರಲ್ವಾ, ಯಾವ ಮಿಲ್ ತಗೊಳ್ಲಿ ಹೇಳಿ" ಅಂದ.

ನನಗೆ ಬಿಯರ್ ಗೊತ್ತಿಲ್ಲ, ಕಾಳು ಗೊತ್ತು. ಬಾರ್ಲಿಗೆ ಭತ್ತದ ಹಾಗೆ ಹೊಟ್ಟಿದೆ. ಒಳಗಿನದು ಬಿರಿಯಬೇಕು, ಹೊಟ್ಟು ಹರಿಯಬಾರದು. ಆ ಹೊಟ್ಟೇ ತಳದಲ್ಲಿ ಕೂತು ಜರಡಿಯಾಗುತ್ತದೆ, ರಸ ಅದರೊಳಗಿಂದ ಸೋಸಿ ಇಳಿಯುತ್ತದೆ. ಚೂರಾದರೆ ಜರಡಿಯೂ ಹೋಯಿತು, ಒಗರು ಬೇರೆ. ಬ್ಲೇಡಿನದು ಬೇಡವೇ ಬೇಡ ಅಂದೆ. ಎರಡು ಕಬ್ಬಿಣದ ತಟ್ಟೆಯ ಕೈ ಮಿಲ್ ಅಗ್ಗ, ತಟ್ಟೆ ಸಡಿಲ ಬಿಟ್ಟರೆ ಕೆಲಸ ಆದೀತು. ದುಡ್ಡಿದ್ದರೆ ಎರಡು ಉರುಳೆಯದು ತಗೋ. ನಮ್ಮ ಆಲೆಮನೆ ಗಾಣ ಇದ್ದ ಹಾಗೆ, ಕಾಳನ್ನು ಉಜ್ಜುವುದಿಲ್ಲ, ಒತ್ತಿ ಬಿಡುತ್ತದೆ. ಉರುಳೆಗಳ ನಡುವೆ ಸುಮಾರು 1 ಮಿ.ಮೀ. ಸಂದು ಇಟ್ಟುಕೊಂಡು ಶುರು ಮಾಡು. ಬ್ಯಾಂಕ್ ಕಾರ್ಡಿನ ದಪ್ಪ 0.76 ಮಿ.ಮೀ., ಅದು ಸಂದಿನಲ್ಲಿ ಸಲೀಸಾಗಿ ಆಡಿದರೆ ಸರಿ. ಕಿಲೋಗೆ 20 ಮಿ.ಲೀ. ನೀರು ಚಿಮುಕಿಸಿ, ಹತ್ತು ನಿಮಿಷ ಬಿಟ್ಟು, ನಿಧಾನ ತಿರುಗಿಸು. ಹೊಟ್ಟು ಮೆತ್ತಗಾಗಿ ಒಡೆಯದೆ ಉಳಿಯುತ್ತದೆ. ಗೋಧಿ ರವೆ ಒಡೆಸುವ ಮುಂಚೆ ನಮ್ಮ ಹೆಂಗಸರು ನೀರು ಚಿಮುಕಿಸುವುದೂ ಇದಕ್ಕೇ ಅಲ್ವಾ?

ಮುಂದಿನ ತಿಂಗಳು ಫೋಟೊ ಕಳಿಸಿದ. ಬಿಳಿ ತಟ್ಟೆ ಮೇಲೆ ಹೊಟ್ಟು ಇಡಿಯಾಗಿ ಬಾಯಿ ಬಿಟ್ಟುಕೊಂಡು ಬಿದ್ದಿತ್ತು, ಪಕ್ಕದಲ್ಲಿ ಎರಡು ಮೂರು ನುಚ್ಚು. ನಾನು ಮೂರು ಜನ ಗಿರಾಕಿಗಳಿಗೆ ತೋರಿಸಿದೆ. ಬಿಯರ್ ವಿಷಯ ಮಾತ್ರ ಎತ್ತಲಿಲ್ಲ.

ಅದೇ ಉರುಳೆಗೆ ರಾಗಿ ಹಾಕಿ ನೋಡಿ, ಎಷ್ಟೋ ಕಾಳು ಹಾಗೇ ಉದುರುತ್ತದೆ. ರಾಗಿ ಅಷ್ಟು ಸಣ್ಣ. ಅದಕ್ಕೆ ಕಲ್ಲೇ ಸರಿ. ಹಿಂದಿನ ಬೀದಿಯ ಒಬ್ಬರು ಮೊಮ್ಮಗನ ರಾಗಿ ಮಾಲ್ಟಿಗೆ ಅಂತ ಮನೆ ಮಿಲ್ ತಂದರು. ಮೊಳಕೆ ರಾಗಿ ಪೂರ್ತಿ ಒಣಗಿರಲಿಲ್ಲ. ಜಾಲರಿ ಕಣ್ಣೆಲ್ಲ ಅಂಟು ಮೆತ್ತಿ, ಮೋಟಾರು ಬಿಸಿಯಾಗಿ ಸುಟ್ಟ ವಾಸನೆ. ಅಂಗಡಿಯವರು ಇದು ವಾರಂಟಿಗೆ ಬರಲ್ಲ ಅಂದರಂತೆ. ಉಳಿದ ರಾಗಿ ನನ್ನ ಹತ್ತಿರ ಬಂತು. ನಾಲ್ಕು ಕಾಳು ಕಚ್ಚಿದೆ. ಕಟಕ್ ಅನ್ನಲಿಲ್ಲ, ಹಲ್ಲಿಗೆ ಅಂಟಿತು. "ಇನ್ನೊಂದು ದಿನ ಬಿಸಿಲಿಗೆ ಹಾಕಮ್ಮ. ಹುರಿಯೋದೂ ಹದವಾಗಿರಲಿ, ಘಮ ಬಂದ ತಕ್ಷಣ ಇಳಿಸಿ" ಅಂದೆ. ಮೊಳಕೆಯಲ್ಲಿ ಹುಟ್ಟುವ ಕಿಣ್ವ ಹಿಟ್ಟನ್ನು ಕರಗಿಸಿ ಗಂಜಿಯನ್ನು ತೆಳ್ಳಗೆ ಮಾಡುತ್ತದೆ, ಮಗು ಸಲೀಸಾಗಿ ಕುಡಿಯುತ್ತದೆ. ಜಾಸ್ತಿ ಹುರಿದರೆ ಅದೇ ಸತ್ತುಹೋಗುತ್ತದೆ.

ಅಂಗಡಿಯವರಲ್ಲಿ ನನ್ನದು ಒಂದೇ ಮನವಿ. ಗಿರಾಕಿ ತಂದ ಒಂದು ಕಿಲೋ ಕಾಳನ್ನು ಅಲ್ಲೇ ಬೀಸಿ ತೋರಿಸಿ, ಹಿಟ್ಟಿಗೆ ಕೈ ಹಾಕಲು ಬಿಡಿ. ಎಷ್ಟು ಬಿಸಿ, ಎಷ್ಟು ತರಿ ಅಂತ ಕೈಗೇ ಗೊತ್ತಾಗುತ್ತದೆ. ನಮ್ಮ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರ್ಮಿನ ಕೃಷಿ ಮೇಳದಲ್ಲೂ ಮಿಲ್ಲುಗಳನ್ನು ಸುಮ್ನೆ ಸಾಲಾಗಿ ನಿಲ್ಲಿಸದೆ ಓಡಿಸಿ ತೋರಿಸಲಿ. ಹೊಸ ರಾಗಿ ತಳಿಗಳನ್ನು ಕೊಟ್ಟ ವಿಜ್ಞಾನಿ ರಾಗಿ ಲಕ್ಷ್ಮಣಯ್ಯನವರು ಕೆಲಸ ಮಾಡಿದ ಜಾಗದಲ್ಲಿ ರಾಗಿ ಬೀಸಲು ಮುಹೂರ್ತ ನೋಡಬೇಕಿಲ್ಲ.

ಅಲ್ಲಿಯವರೆಗೆ ಒಂದು ಹಿಡಿ ಕಾಳು ಹಿಡಿದು ನನ್ನ ಮಿಲ್ಲಿಗೆ ಬನ್ನಿ, ಕಚ್ಚಿ ನೋಡಿ ಯಾವ ಮಿಲ್ ಅಂತ ಹೇಳುತ್ತೇನೆ. ಮಂಗಳವಾರ ಮಾತ್ರ ಬೇಡ, ಅವತ್ತು ಸವೆದ ಬೀಸುವ ಕಲ್ಲನ್ನು ಕುಟ್ಟಿ ಒರಟು ಮಾಡುವ ದಿನ.

– ಒಬ್ಬ ಹಿಟ್ಟಿನ ಮಿಲ್ಲಿನವನು, ಗುತ್ತಲು ರಸ್ತೆ, ಮಂಡ್ಯ