ಮಗಳಿಗೊಂದು ಪತ್ರ: ಸದ್ಯ, ನೀನಲ್ವಲ್ಲ

ಪುಟ್ಟಿ,

ಮೊದಲು ವಾಟ್ಸಾಪ್‌ನಲ್ಲೇ ಬರೆಯೋಣ ಅಂತ ಕೂತೆ. ನಾಲ್ಕು ಸಾಲು ಟೈಪ್ ಮಾಡಿ ಅಳಿಸಿದೆ. ಎರಡು ನೀಲಿ ಗೀಟು ಬಂದ ಮೇಲೂ ನೀನು ಸುಮ್ಮನಿದ್ದರೆ ನನಗೆ ನಿದ್ದೆ ಬರುವುದಿಲ್ಲ ಅಂತ ನಿನಗೇ ಗೊತ್ತಲ್ಲ. ಅದಕ್ಕೇ ಈ ಕಾಗದ. ಟೆಸ್ಟ್‌ಗೆ ಅಂತ ತಂದು ಉಳಿದ ಹಾಳೆಗಳು ಇವು. ಮೇಲೆ 'ವಿಷಯ: ಗಣಿತ' ಅಂತ ಅಚ್ಚಾಗಿದೆ. ನಗಬೇಡ.

ಯುಗಾದಿ ದಿನ ಅಡುಗೆಮನೆಯಲ್ಲಿ ನಡೆದದ್ದರ ಬಗ್ಗೆ ಬರೆಯಬೇಕು. ನೀನು ಕಟ್ಟೆ ಮೇಲೆ ಕೂತು ಹುರಿಗಡಲೆ ತಿನ್ನುತ್ತಿದ್ದೆ. ನಾನು ಒಬ್ಬಟ್ಟಿಗೆ ಕಣಕ ನಾದುತ್ತಿದ್ದೆ. ನಿನ್ನ ರೂಮ್‌ಮೇಟ್‌ಗೆ ಹುಡುಗಿಯರೆಂದರೇ ಇಷ್ಟವಂತೆ, ಮನೆಯಲ್ಲಿ ಹೇಳಿದಳಂತೆ, ಅವರಪ್ಪ ಮೂರು ವಾರದಿಂದ ಫೋನ್ ಎತ್ತುತ್ತಿಲ್ಲವಂತೆ. ಇಷ್ಟನ್ನ ನೀನು ಹೇಳಿದೆ. 'ಅಯ್ಯೋ ಪಾಪ' ಅಂದೆ ನಾನು. ಅಲ್ಲಿಗೆ ಬಾಯಿ ಮುಚ್ಚಬಹುದಿತ್ತು. 'ಸದ್ಯ, ನೀನಲ್ವಲ್ಲ' ಅಂದುಬಿಟ್ಟೆ.

ನೀನು ಡಬ್ಬಿಯ ಮುಚ್ಚಳ ಹಾಕಿದೆ. ಅದು ಸರಿಯಾಗಿ ಕೂರಲಿಲ್ಲ. ಇನ್ನೊಂದು ಸಲ ಒತ್ತಿ ಹಾಕಿ ಒಳಗೆ ಹೋದೆ. ಮಾರನೇ ದಿನ ಬಸ್ಸಿಗೆ ಬಿಡಲು ಬಂದಾಗ 'ತಲುಪಿ ಫೋನ್ ಮಾಡ್ತೀನಿ' ಅನ್ನುವುದು ಬಿಟ್ಟು ಬೇರೆ ಮಾತಿಲ್ಲ.

ಹೋಗುವಾಗ ಟಿವಿಯಲ್ಲಿ ನಿನ್ನ ನೆಟ್‌ಫ್ಲಿಕ್ಸ್ ಹಾಗೇ ಬಿಟ್ಟು ಹೋಗಿದ್ದೆ. ನಿನ್ನ ಹೆಸರಿನ ಚೌಕ ಒತ್ತಿದೆ. ಕಳ್ಳತನ ಅನ್ನು ಬೇಕಾದರೆ. ನೀನು ನೋಡಿದ್ದ ಪಟ್ಟಿ ಕಂಡಿತು. ಹೈಸ್ಕೂಲಿನಲ್ಲಿದ್ದಾಗ ಹೆಡ್‌ಫೋನ್ ಹಾಕಿಕೊಂಡು ಒಬ್ಬಳೇ ನೋಡಿ ನಗುತ್ತಿದ್ದೆಯಲ್ಲ, ಆ 'ಗ್ಲೀ' ಅನ್ನೋ ಅಮೆರಿಕದ ಸೀರಿಯಲ್ ನೆನಪಾಯಿತು. ಅದನ್ನೂ ಬೇರೆ ಕಡೆ ಹುಡುಕಿ ಹಾಕಿದೆ. ಪೇಪರ್ ತಿದ್ದಿ ಮುಗಿಸಿ, ನಿಮ್ಮಪ್ಪ ಗೊರಕೆ ಶುರು ಮಾಡಿದ ಮೇಲೆ, ದಿನಾ ಎರಡು ಎಪಿಸೋಡ್. ಎಲ್ಲವೂ ಹದಿಹರೆಯದ ಮಕ್ಕಳ ಕಾಮಿಡಿಗಳೇ. ನಾನು ಮಾತ್ರ ಮಕ್ಕಳಿಗಿಂತ ಜಾಸ್ತಿ ಅಪ್ಪ ಅಮ್ಮಂದಿರನ್ನೇ ನೋಡಿದೆ. ನಿನ್ನ ರೂಮ್‌ಮೇಟ್ ಹೇಳಿದ ಹಾಗೆ ಮಗು ಬಂದು ಹೇಳಿದಾಗ, ಕೇಳಿಸಿಕೊಂಡವರ ಬಾಯಿಂದ ಮೊದಲು ಬಂದ ಮಾತು ಏನು? ಅಷ್ಟೇ ನನಗೆ ಬೇಕಿತ್ತು.

ಗ್ಲೀ ಶುರುವಾದದ್ದು 2009ರಲ್ಲಿ, ಮುಗಿದದ್ದು 2015ರಲ್ಲಿ. ಒಟ್ಟು 121 ಎಪಿಸೋಡ್. ಎಲ್ಲವನ್ನೂ ನೋಡಿದೆ ಅನ್ನಲ್ಲ, ಕೆಲವು ಹಾಡುಗಳನ್ನ ಓಡಿಸಿದೆ. ಒಹಾಯೊದ ಲೈಮಾ ಅನ್ನೋ ಊರು, ಅಲ್ಲೊಂದು ಸ್ಕೂಲು, ಹಾಡುವ ಮಕ್ಕಳ ಗುಂಪು. ಅದರಲ್ಲಿ ಕರ್ಟ್. ಹೆಣ್ಣು ದನಿ, ಮುಖಕ್ಕೆ ಕ್ರೀಮು, ದಿನಕ್ಕೊಂದು ಹೊಸ ಕೋಟು. ಮೊದಲ ಎಪಿಸೋಡ್ ನೋಡಿ, ಇವನೂ ನಮ್ಮ ಸಿನಿಮಾಗಳಲ್ಲಿ ಬರುವವನೇ ಅಲ್ವಾ ಅಂದುಕೊಂಡೆ. ಕೈ ಬಳುಕಿಸಿಕೊಂಡು ಬರುತ್ತಾನೆ, ಹೀರೋನ ಭುಜ ಮುಟ್ಟುತ್ತಾನೆ, ಏಟು ತಿಂದು ಹೋಗುತ್ತಾನೆ. ಥಿಯೇಟರ್ ನಗುತ್ತದೆ. ನಾನೂ ನಕ್ಕಿದ್ದೇನೆ, ನಿನ್ನನ್ನ ತೊಡೆ ಮೇಲೆ ಕೂರಿಸಿಕೊಂಡು.

ಆದರೆ ನಮ್ಮ ಸಿನಿಮಾದ ಆ ಪಾತ್ರಕ್ಕೆ ಮನೆ ಇರುವುದಿಲ್ಲ, ಗಮನಿಸಿದ್ದೀಯಾ? ಅಪ್ಪ ಇಲ್ಲ, ಅಮ್ಮ ಇಲ್ಲ, ಏಟು ತಿಂದ ಮೇಲೆ ಎಲ್ಲಿಗೆ ಹೋದ ಅಂತ ಯಾರಿಗೂ ಗೊತ್ತಿಲ್ಲ. ಕರ್ಟ್‌ಗೆ ಒಂದು ಮನೆ ಇದೆ. ಆ ಮನೆಯಲ್ಲಿ ಗ್ಯಾರೇಜ್ ನಡೆಸುವ, ತಲೆ ಮೇಲಿಂದ ಕ್ಯಾಪ್ ತೆಗೆಯದ ಒಬ್ಬ ಅಪ್ಪ ಇದ್ದಾನೆ, ಬರ್ಟ್. ನಾಲ್ಕನೇ ಎಪಿಸೋಡ್‌ನಲ್ಲೇ ಮಗ ತನಗೆ ಹುಡುಗರೆಂದರೇ ಇಷ್ಟ ಅಂತ ಹೇಳಿಬಿಡುತ್ತಾನೆ. ಅಪ್ಪ ಅನ್ನುತ್ತಾನೆ, ನಿನಗೆ ಮೂರು ವರ್ಷ ಆಗಿದ್ದಾಗಲೇ ನನಗೆ ಗೊತ್ತಿತ್ತು.

ಈ ಮಾತಿಗೆ ಎಲ್ಲರೂ ಕಣ್ಣೀರು ಹಾಕುತ್ತಾರೆ. ನನಗೆ ಇಷ್ಟ ಆಗಲಿಲ್ಲ. ಆ ಹುಡುಗ ಎಷ್ಟು ರಾತ್ರಿ ನಿದ್ದೆಗೆಟ್ಟು ಧೈರ್ಯ ಕೂಡಿಸಿಕೊಂಡಿದ್ದಾನೋ! ಗೊತ್ತಿದ್ದರೆ ಇಷ್ಟು ವರ್ಷ ಯಾಕೆ ಸುಮ್ಮನಿದ್ದೆ ಮಾರಾಯಾ? ನನಗೆ ಹಿಡಿಸಿದ್ದು ಅದರ ಮುಂದಿನದ್ದು. ಇದು ನನಗೆ ತುಂಬಾ ಖುಷಿಯ ವಿಷಯ ಅಂತಲ್ಲ ಅನ್ನುತ್ತಾನೆ. ನಟನೆ ಮಾಡಲ್ಲ. ಆದರೆ ನಿನ್ನ ಮೇಲಿನ ಪ್ರೀತಿ ಒಂದಿಷ್ಟೂ ಕಮ್ಮಿ ಆಗಲ್ಲ ಅನ್ನುತ್ತಾನೆ. ಎದ್ದು ಹೋಗುವಾಗ ತಿರುಗಿ, ಖಚಿತ ತಾನೇ? ಅಂತ ಕೇಳುತ್ತಾನೆ. ಖಚಿತ ಅನ್ನುತ್ತಾನೆ ಮಗ. ಸುಮ್ನೆ ಕೇಳಿದೆ ಅಷ್ಟೇ, ಅಂತ ಹೋಗುತ್ತಾನೆ. ಹಾಗೆ ತಿರುಗಿ ನಿಲ್ಲುವ ಅಪ್ಪನನ್ನ ನಾನು ನಂಬುತ್ತೇನೆ.

ಇದೇ ಬರ್ಟ್ ಇನ್ನೊಂದು ಕಡೆ, ತನ್ನ ಮನೆಯಲ್ಲಿ ಉಳಿದುಕೊಂಡಿರೋ ಫಿನ್, ಕರ್ಟ್‌ನಂಥವರನ್ನ ಹಂಗಿಸುವ ಒಂದು ಬೈಗುಳ ಆಡಿದಾಗ ಅವನನ್ನ ಮನೆಯಿಂದಲೇ ಹೊರಗೆ ಕಳಿಸುತ್ತಾನೆ. ಫಿನ್ ಬೈದದ್ದು ಕರ್ಟ್‌ಗೂ ಅಲ್ಲ, ಅವನು ರೂಮಿಗೆ ಹಾಕಿಸಿದ್ದ ದೀಪ, ಹೊದಿಕೆಗಳಿಗೆ. ಬರ್ಟ್ ಬಿಡಲ್ಲ. ನಿನ್ನ ವಯಸ್ಸಿನಲ್ಲಿ ನಾನೂ ಆ ಪದ ಆಡಿದವನೇ, ಅದಕ್ಕೇ ನನಗೆ ಗೊತ್ತು ಅನ್ನುತ್ತಾನೆ.

ಅಲ್ಲಿ ನಾನು ಟಿವಿ ಆಫ್ ಮಾಡಿದೆ. ನಮ್ಮ ಕಡೆ ಆ ಬೈಗುಳ ಒಂದು ಅಂಕಿ, ನಿನಗೆ ಗೊತ್ತು. ಎಂಟನೇ ಕ್ಲಾಸಿನಲ್ಲಿ ಎಂಬತ್ತೊಂದರ ವರ್ಗಮೂಲ ಎಷ್ಟು ಅಂತ ಕೇಳಿದರೆ ಸಾಕು, ಹಿಂದಿನ ಬೆಂಚು ಕಿಸಕ್ಕನೆ ನಗುತ್ತದೆ. 'ಒಂಬತ್ತು ಮಿಸ್' ಅಂತ ರಾಗ ಎಳೆದು ಹೇಳುತ್ತಾರೆ. ಮೂರನೇ ಬೆಂಚಿನ ಒಬ್ಬ ಹುಡುಗ ತಲೆ ತಗ್ಗಿಸಿ ನೋಟ್‌ಬುಕ್ಕಿಗೆ ಸುಮ್ಮಸುಮ್ಮನೆ ಗೀಟು ಹಾಕುತ್ತಾನೆ. ಗೀಟಿನ ಮೇಲೇ ಗೀಟು, ಹಾಳೆ ಹರಿಯುವವರೆಗೆ. ಇಷ್ಟು ವರ್ಷ 'ಸೈಲೆನ್ಸ್' ಅಂತ ಡಸ್ಟರ್ ಬಡಿದು ನಾನು ಮುಂದಿನ ಲೆಕ್ಕಕ್ಕೆ ಹೋಗುತ್ತಿದ್ದೆ. ಯಾಕೆ ನಗುತ್ತಾರೆ ಅಂತ ಗೊತ್ತಿರಲಿಲ್ಲ ಅಂದರೆ ಸುಳ್ಳು.

ಹೋದ ವಾರ ನಿಲ್ಲಿಸಿ ಕೇಳಿದೆ, ಅಂಕಿಯಲ್ಲಿ ನಗುವಂಥದ್ದು ಏನಿದೆ ಅಂತ. ಕೇಳುವಾಗ ಕಣ್ಣು ತಪ್ಪಿ ಆ ಹುಡುಗನ ಕಡೆಗೇ ಹೋಯಿತು. ನಲವತ್ತು ಜನ ನನ್ನ ಕಣ್ಣಿನ ಹಿಂದೆಯೇ ತಿರುಗಿದರು. ಬರ್ಟ್‌ಗೆ ಬಂದ ಹಾಗೆ ನನಗೆ ಬರಲ್ಲ, ಇನ್ನೂ ಕಲಿಯಬೇಕು. ಮುಂದಿನ ಸಲ ನಕ್ಕವನನ್ನೇ ನೋಡುತ್ತೇನೆ.

ಗ್ಲೀಯಲ್ಲಿ ಸ್ಯಾಂಟಾನಾ ಇದ್ದಾಳಲ್ಲ, ಬಾಯಿ ಬಿಟ್ಟರೆ ಬೆಂಕಿ. ಗೆಳತಿ ಬ್ರಿಟನಿಯ ಮುಂದೆ ಮಾತ್ರ ಅವಳ ದನಿ ಇಳಿಯುತ್ತದೆ. ಅವಳು ಅಜ್ಜಿಗೆ ಹೇಳಿದಾಗ ಅಜ್ಜಿ ಮನೆಯಿಂದ ನಡಿ ಅನ್ನುತ್ತಾಳೆ. ತಪ್ಪು ಆ ಕೆಲಸದಲ್ಲಿಲ್ಲ, ನಾಲ್ಕು ಜನರಿಗೆ ಕೇಳುವ ಹಾಗೆ ಬಾಯಿ ಬಿಟ್ಟು ಹೇಳಿದ್ದರಲ್ಲಿದೆ, ಅನ್ನುವುದು ಆಕೆಯ ವಾದ. ನಮ್ಮ ಅತ್ತೆಯ ಬಾಯಿಂದ ಬಂದ ಹಾಗೇ ಇತ್ತು. ಕೊನೆಗೆ 2015ರಲ್ಲಿ ಸ್ಯಾಂಟಾನಾ ಮತ್ತು ಬ್ರಿಟನಿಯ ಮದುವೆಗೆ ಅಜ್ಜಿ ಬರುತ್ತಾಳೆ. ಬರಲಿ, ಸಂತೋಷ. ನಡುವಿನ ವರ್ಷಗಳಲ್ಲಿ ಆ ಮುದುಕಿ ಒಬ್ಬಳೇ ಕೂತು ಏನು ಯೋಚನೆ ಮಾಡಿದಳು ಅನ್ನುವುದನ್ನ ಯಾರೂ ತೋರಿಸಲಿಲ್ಲ.

'ಒನ್ ಡೇ ಅಟ್ ಎ ಟೈಮ್'ನ ಅಜ್ಜಿ ಬೇರೆ ಥರ. ರೀಟಾ ಮೊರೆನೊ ಆ ಪಾತ್ರ ಮಾಡಿದ್ದಾರೆ, ಎಷ್ಟು ನಕ್ಕೆ ಅಂತೀಯಾ. ಲಾಸ್ ಏಂಜಲೀಸ್‌ನ ಕ್ಯೂಬಾ ಮೂಲದ ಮನೆ. ಮೊಮ್ಮಗಳು ಎಲೆನಾ ಹೀಗೆ ಅಂತ ಗೊತ್ತಾದ ತಕ್ಷಣ ಅಜ್ಜಿ ಅಯ್ಯೋ ದೇವರೇ ಅಂತ ಶುರು ಮಾಡುತ್ತಾಳೆ. ಆಮೇಲೆ ತಾನೇ ಲೆಕ್ಕ ಹಾಕುತ್ತಾಳೆ. ದೇವರು ತನ್ನ ರೂಪದಲ್ಲೇ ನಮ್ಮನ್ನ ಮಾಡಿದ್ದು, ದೇವರು ತಪ್ಪು ಮಾಡಲ್ಲ, ಪೋಪ್ ಕೂಡ ತೀರ್ಪು ಹೇಳೋಕೆ ನಾನ್ಯಾರು ಅಂದಿದ್ದಾರೆ, ಅವರಿಬ್ಬರಿಗಿಂತ ನಾನು ದೊಡ್ಡವಳಾ? ಅರ್ಧ ನಿಮಿಷದಲ್ಲಿ ಲೆಕ್ಕ ಮುಗಿಯಿತು, ಶೇಷ ಸೊನ್ನೆ.

ಅಮ್ಮ ಪೆನೆಲೋಪ್‌ಗೆ ಮಾತ್ರ ಆಗಲ್ಲ. ಅವಳು ನರ್ಸ್, ಸೈನ್ಯದಲ್ಲಿದ್ದು ಬಂದವಳು, ಹಳೇ ಕಾಲದವಳೂ ಅಲ್ಲ. ಮಗಳ ಮುಂದೆ ಸರಿಯಾದ ಮಾತನ್ನೇ ಆಡುತ್ತಾಳೆ, ಅಪ್ಪಿಕೊಳ್ಳುತ್ತಾಳೆ. ಬಾಗಿಲು ಹಾಕಿದ ಮೇಲೆ ಒಳಗೊಂದು ಕಲ್ಲು. ಆ ಕಲ್ಲಿದೆಯಲ್ಲ ಅಂತ ಅವಳಿಗೇ ನಾಚಿಕೆ. ನಾನು ರಿಮೋಟ್ ಹಿಡಿದುಕೊಂಡು ಹಾಗೇ ಕೂತಿದ್ದೆ. ಇಷ್ಟು ಅಪ್ಪ ಅಮ್ಮಂದಿರಲ್ಲಿ ನನ್ನ ಹಾಗಿದ್ದವಳು ಇವಳೊಬ್ಬಳೇ.

ಹದಿನೈದು ತುಂಬಿದ ಹುಡುಗಿಗೆ ಅವರಲ್ಲಿ ದೊಡ್ಡ ಸಮಾರಂಭ ಮಾಡುತ್ತಾರೆ. ನಮ್ಮಲ್ಲಿ ಆರತಿ ಮಾಡಿದ ಹಾಗೆ, ಆದರೆ ಬ್ಯಾಂಡು ಕುಣಿತ ಜಾಸ್ತಿ. ಗೌನ್ ಹಾಕಿದ ಎಲೆನಾಳ ಮುಖ ಅಜ್ಜಿಯ ಕಣ್ಣಿಗೆ ಬೀಳುತ್ತದೆ. ಹೊಲಿಗೆ ಗೊತ್ತಿದ್ದ ಆ ಅಜ್ಜಿ ಗೌನನ್ನ ಬಿಳಿ ಸೂಟ್ ಮಾಡಿಕೊಡುತ್ತಾಳೆ. ಅಪ್ಪ ಮಗಳ ಕುಣಿತದ ಹೊತ್ತಿಗೆ ಅಪ್ಪ ಎದ್ದು ಹೋಗಿರುತ್ತಾನೆ. ಕುಣಿಯುವ ಜಾಗದ ನಡುವೆ ಹುಡುಗಿ ಒಬ್ಬಳೇ. ಆಗ ಪೆನೆಲೋಪ್ ಹೋಗಿ ಕೈ ಹಿಡಿಯುತ್ತಾಳೆ. ಕಲ್ಲು ಕರಗಿದ ಮೇಲೆ ಹೋದಳೋ, ಹೋಗಿದ್ದಕ್ಕೆ ಕರಗಿತೋ, ನನಗೆ ಗೊತ್ತಾಗಲಿಲ್ಲ. ಈ ಶೋವನ್ನ 2019ರಲ್ಲಿ ನೆಟ್‌ಫ್ಲಿಕ್ಸ್ ನಿಲ್ಲಿಸಿತಂತೆ, ಬೇರೆ ಚಾನೆಲ್‌ನವರು ಇನ್ನೊಂದು ಸೀಸನ್ ಮಾಡಿದರಂತೆ. ಒಳ್ಳೆಯದಕ್ಕೆ ಯಾವಾಗಲೂ ಹೀಗೇ.

'ನೆವರ್ ಹ್ಯಾವ್ ಐ ಎವರ್' ನೋಡುವಾಗ ಅದರ ನಾಯಕಿ ದೇವಿಯ ಅಮ್ಮ ನಳಿನಿಯನ್ನ ನೋಡಿ ನಗು ಬಂತು, ಥೇಟ್ ನಾನೇ. ಆದರೆ ನೆನಪಿನಲ್ಲಿ ಉಳಿದದ್ದು ದೇವಿಯ ಗೆಳತಿ ಫ್ಯಾಬಿಯೋಲಾ. ಮನುಷ್ಯರಿಗೆ ಹೇಳುವ ಮೊದಲು ತಾನು ಮಾಡಿದ ರೋಬೋಟ್‌ಗೆ ಹೇಳಿಕೊಳ್ಳುತ್ತಾಳೆ. ಡಿಸ್ನಿಯ 'ಆ್ಯಂಡಿ ಮ್ಯಾಕ್'ನಲ್ಲಿ ಸೈರಸ್ ತನಗೊಬ್ಬ ಹುಡುಗ ಇಷ್ಟ ಅಂತ 2017ರಲ್ಲೇ ಗೆಳತಿಗೆ ಹೇಳಿದ್ದ. 'ಗೇ' ಅನ್ನೋ ಪದ ಅವನ ಬಾಯಿಗೆ ಬಂದದ್ದು 2019ರಲ್ಲಿ. ಆ ಚಾನೆಲ್‌ನಲ್ಲಿ ಒಂದು ಪಾತ್ರ ತನ್ನ ಬಗ್ಗೆ ಆ ಪದ ಹೇಳಿದ್ದು ಅದೇ ಮೊದಲಂತೆ. ಅಜ್ಜಿ ತೀರಿಕೊಂಡ ಮನೆ, ಮೇಜಿನ ತುಂಬಾ ತಿಂಡಿ. ಗೆಳೆಯನಿಗೆ ಇದು ಇಂಥದ್ದು, ಅದು ಇಂಥದ್ದು ಅಂತ ತೋರಿಸುತ್ತಾ ನಡುವೆ ಹೇಳಿಬಿಡುತ್ತಾನೆ. ಇಂಥ ಮಾತೆಲ್ಲ ತಿಂಡಿಯ ಹತ್ತಿರವೇ ಬರುತ್ತದಾ ಪುಟ್ಟಿ? ನಿನ್ನ ಹುರಿಗಡಲೆ ಡಬ್ಬಿ ನೆನಪಾಯಿತು.

ಆದರೆ ನನ್ನ ಕಿವಿ ಹಿಂಡಿದ್ದು 'ಡೆರ್ರಿ ಗರ್ಲ್ಸ್'. ಉತ್ತರ ಐರ್ಲೆಂಡ್, 90ರ ದಶಕ, ಬೀದಿಯಲ್ಲಿ ಸೈನಿಕರು, ಕಾನ್ವೆಂಟ್ ಸ್ಕೂಲು. ಅವರ ಮಾತಿನ ವೇಗಕ್ಕೆ ಸಬ್‌ಟೈಟಲ್ ಓದೋಕೇ ಉಸಿರು ಸಾಲದು. ಮೊದಲ ಸೀಸನ್ನಿನ ಕೊನೆಯಲ್ಲಿ, ಎರಿನ್ ನಡೆಸುವ ಸ್ಕೂಲ್ ಪತ್ರಿಕೆಗೆ ಹೆಸರಿಲ್ಲದ ಒಂದು ಬರಹ ಬರುತ್ತದೆ. ಬರೆದವಳು ಹುಡುಗಿಯರನ್ನ ಇಷ್ಟಪಡುವ ಹುಡುಗಿ. ಎರಿನ್‌ಗೆ ಏನು ಉತ್ಸಾಹ! ಎಂಥಾ ಧೈರ್ಯ, ಅಚ್ಚು ಹಾಕಲೇಬೇಕು ಅಂತ ಎಲ್ಲರನ್ನೂ ಎದುರು ಹಾಕಿಕೊಳ್ಳುತ್ತಾಳೆ. ಆಮೇಲೆ ಪ್ರಾಣಸ್ನೇಹಿತೆ ಕ್ಲೇರ್ ಬಂದು, ಅದು ನಾನೇ ಅನ್ನುತ್ತಾಳೆ. ಎರಿನ್ ಮುಖ ನೋಡು, ಬೇಕಾದರೆ ಹಿಂದೆ ಹೋಗಿ ಇನ್ನೊಂದು ಸಲ ನೋಡು. ಊರಿನವಳು ಯಾರೋ ಆಗಿದ್ದಾಗ 'ಎಂಥಾ ಧೈರ್ಯ'. ಪಕ್ಕದಲ್ಲಿ ಕೂರುವವಳಾದ ಕೂಡಲೇ ಬಾಗಿಲು ಬಂದ್.

'ಅಯ್ಯೋ ಪಾಪ' ಅಂದವಳೂ ನಾನೇ, 'ಸದ್ಯ' ಅಂದವಳೂ ನಾನೇ.

ಆ ಎಪಿಸೋಡ್ ಕೊನೆಯಲ್ಲಿ ಅವರ ಗುಂಪಿನ ಓರ್ಲಾ ಸ್ಟೇಜ್ ಮೇಲೆ ವಿಚಿತ್ರವಾಗಿ ಕುಣಿಯುತ್ತಾಳೆ, ಸಭೆ ನಗುತ್ತದೆ. ಎರಿನ್, ಕ್ಲೇರ್ ಎಲ್ಲರೂ ಹತ್ತಿ ಅವಳ ಜೊತೆ ಕುಣಿಯುತ್ತಾರೆ. ಅದೇ ಹೊತ್ತಿಗೆ ಮನೆಯವರು ಟಿವಿಯಲ್ಲಿ ಬಾಂಬ್ ಸುದ್ದಿ ನೋಡುತ್ತಾ ನಿಂತಿರುತ್ತಾರೆ. ಎರಿನ್ ಏನು ಹೇಳಿ ರಾಜಿ ಆದಳು ಅನ್ನುವುದಕ್ಕಿಂತ ಆ ಕುಣಿತವೇ ನನಗೆ ಸಾಕಾಯಿತು. ನನಗಿರುವ ಒಂದೇ ಸಿಟ್ಟು, ಮೂರನೇ ಸೀಸನ್‌ನದ್ದು. ಅಷ್ಟು ದಿನ ಕ್ಲೇರ್‌ಗೆ ಒಂದು ಪ್ರೇಮವನ್ನೂ ಕೊಡದವರು, ಕೊನೆಗೂ ಒಂದು ಮುತ್ತು ಕೊಡಿಸಿದರು. ಅದೇ ರಾತ್ರಿ ಅವಳಪ್ಪನನ್ನ ಸಾಯಿಸಿದರು. ಒಂದು ಮುತ್ತಿಗೆ ಇಷ್ಟು ದಂಡವಾ?

ನಮ್ಮಲ್ಲಿ 377 ಅನ್ನುವ ಇನ್ನೊಂದು ಅಂಕಿ ಇತ್ತಲ್ಲ, ಇಂಥ ಸಂಬಂಧವನ್ನ ಅಪರಾಧ ಮಾಡಿದ್ದ ಕಾನೂನಿನ ಕಲಂ. ಬ್ರಿಟಿಷರು 1860ರಲ್ಲಿ ಬರೆದದ್ದು. ಒಪ್ಪಿಗೆಯಿಂದ ಕೂಡಿದ ಇಬ್ಬರು ವಯಸ್ಕರ ಮೇಲಿಂದ ಅದನ್ನ ಸುಪ್ರೀಂ ಕೋರ್ಟ್ ತೆಗೆದದ್ದು 2018ರ ಸೆಪ್ಟೆಂಬರ್ 6ಕ್ಕೆ. 158 ವರ್ಷ. ಮಾರನೇ ದಿನ ಸ್ಟಾಫ್ ರೂಮಿನಲ್ಲಿ ಪೇಪರ್ ಮಡಚಿಟ್ಟು ಟೀ ಕುಡಿದದ್ದು ನೆನಪಿದೆ. ನಮ್ಮನೆಗೆ ಸಂಬಂಧವಿಲ್ಲದ ಸುದ್ದಿ ಅಂದುಕೊಂಡಿದ್ದೆ.

ಹಂತ ತೋರಿಸದೆ ಉತ್ತರ ಬರೆದರೆ ನಾನು ಅರ್ಧ ಮಾರ್ಕ್ಸ್ ಕಡಿಯುವವಳು. ಯುಗಾದಿ ದಿನ ಪ್ರಶ್ನೆಯನ್ನೇ ಕೇಳದೆ ಉತ್ತರ ಬರೆದೆ, ಅದೂ ನಿನ್ನ ಹಾಳೆಯ ಮೇಲೆ. ಅದನ್ನ ಹೊಡೆದುಹಾಕಿದ್ದೇನೆ. ಈಗಲೂ ಏನೂ ಕೇಳುತ್ತಿಲ್ಲ. ಹೇಳುವಂಥದ್ದು ಇದ್ದರೂ ಸರಿ, ಇಲ್ಲದಿದ್ದರೂ ಸರಿ. 'ನನಗೆ ಮೊದಲೇ ಗೊತ್ತಿತ್ತು' ಅಂತ ಮಾತ್ರ ಅನ್ನಲ್ಲ, ಯಾಕೆಂದರೆ ನನಗೆ ನಿಜವಾಗಿ ಏನೂ ಗೊತ್ತಿಲ್ಲ.

ನಿನ್ನ ರೂಮ್‌ಮೇಟ್‌ನ ಅಪ್ಪ ಫೋನ್ ಎತ್ತಿದರಾ? ಇಲ್ಲದಿದ್ದರೆ ದಸರಾ ರಜೆಗೆ ಅವಳನ್ನೂ ಕರೆದುಕೊಂಡು ಬಾ. ಮೇಲಿನ ರೂಮಿನ ಫ್ಯಾನ್ ರಿಪೇರಿ ಆಯಿತು. ನಿಮ್ಮಪ್ಪನಿಗೆ ಇದನ್ನೆಲ್ಲ ಇನ್ನೂ ಹೇಳಿಲ್ಲ, ಗೆಳತಿ ಬರುತ್ತಾಳೆ ಅಂದಿದ್ದೇನೆ, ಸ್ಟೇಷನ್‌ಗೆ ಅವರೇ ಬರುತ್ತಾರೆ. ಅವಳಿಗೆ ಬೇಳೆ ಒಬ್ಬಟ್ಟು ಇಷ್ಟವೋ ಕಾಯಿ ಒಬ್ಬಟ್ಟೋ ಕೇಳಿ ಹೇಳು. ಬೇಳೆಯಾದರೆ ಹಿಂದಿನ ದಿನವೇ ತಂದಿಡಬೇಕು.

ಅಮ್ಮ