ಮದುವೆ ಫೋಟೋದಲ್ಲಿ ಅರ್ಧ ಮುಚ್ಚಿದ ಕಣ್ಣು

ಮಾನ್ಯರೇ,

ನನ್ನ ಮಗ ಮೂರನೇ ತರಗತಿ. ಕಳೆದ ವರ್ಷ ಎಡಗಣ್ಣಿನ ಹಿಂದೆ ನೋವು ಎಂದು ನಾಲ್ಕು ದಿನ ಒದ್ದಾಡಿದ, ವಾಂತಿಯೂ ಮಾಡಿದ. ಸಾಲಿ ತಪ್ಪಿಸಲು ನೆವ ಎಂದು ನಾವೇ ನಕ್ಕೆವು. ಐದನೇ ದಿನ ರೊಟ್ಟಿ ಮುರಿಯಲು ಹೋದರೆ ಅವನ ಕೈ ತಾಟಿನ ಹೊರಗೆ ಬಿತ್ತು. ಎಡಗಣ್ಣಿನ ರೆಪ್ಪೆ ಅರ್ಧಕ್ಕೆ ಇಳಿದಿತ್ತು. ಬೆರಳಿನಿಂದ ಎತ್ತಿ ನೋಡಿದರೆ, ‘ಅಪ್ಪಾ, ಎರಡೆರಡು ತಾಟು ಕಾಣಾಕತ್ತಾವು’ ಎಂದ.

ಅವ್ವ ಉಪ್ಪು, ಮೆಣಸಿನಕಾಯಿ ಇಳಿಸಿ ಒಲೆಗೆ ಹಾಕಿದಳು. ನೆರೆಮನೆಯವರು ಲಕ್ವಾ ಎಂದರು. ಗದಗಿನಲ್ಲಿ ಮೊದಲು ತೋರಿಸಿದ ಕಡೆ ಕನ್ನಡಕದ ಚೀಟಿ ಸಿಕ್ಕಿತು! ಕೊನೆಗೆ ಹುಬ್ಬಳ್ಳಿಯಲ್ಲಿ ನರರೋಗದ ಡಾಕ್ಟರು ಟಾರ್ಚ್ ಬಿಟ್ಟು ನೋಡಿದರು. ಬಲಗಣ್ಣಿನ ಪಾಪೆ ಕಿರಿದಾಯಿತು, ಎಡಗಣ್ಣಿನದು ಅಗಲವಾಗಿಯೇ ಉಳಿಯಿತು. ‘ಹಿಂದೆ ಹೀಗಾಗಿತ್ತಾ?’ ಎಂದು ಕೇಳಿದರು. ಇಲ್ಲ ಎಂದೆವು. ಮನೆಗೆ ಬಂದು ಎರಡು ವರ್ಷದ ಹಿಂದಿನ ಮದುವೆ ಫೋಟೋ ನೋಡಿದರೆ ಅದೇ ಕಣ್ಣು ಅರ್ಧ ಮುಚ್ಚಿದೆ. ಒಂದಲ್ಲ, ಎಲ್ಲ ಫೋಟೋದಲ್ಲೂ. ರೆಪ್ಪೆ ಮಿಟುಕಿಸಿದ್ದಾನೆ ಅಂದುಕೊಂಡಿದ್ದೆವು.

ಈ ಕಾಯಿಲೆಯನ್ನು ಮೊದಲು ಆಫ್ತಾಲ್ಮೋಪ್ಲೀಜಿಕ್ ಮೈಗ್ರೇನ್, ಅಂದರೆ ಕಣ್ಣಿನ ಚಲನೆ ಕುಂದಿಸುವ ಅರೆತಲೆನೋವು, ಎನ್ನುತ್ತಿದ್ದರು. ಬಹಳ ಅಪರೂಪ, ಹೆಚ್ಚಾಗಿ ಚಿಕ್ಕ ಮಕ್ಕಳಲ್ಲೇ ಶುರುವಾಗುತ್ತದೆ. ಕಣ್ಣು ಆಡಿಸುವ ನರದ ತೊಂದರೆ ಎಂದು 2004ರಲ್ಲೇ ಅಂತಾರಾಷ್ಟ್ರೀಯ ತಲೆನೋವು ಪಟ್ಟಿಯಲ್ಲಿ ಮೈಗ್ರೇನ್ ಗುಂಪಿನಿಂದ ಇದನ್ನು ತೆಗೆದಿದ್ದಾರೆ. ಹೆಸರು ಏನಾದರೂ ಇರಲಿ. ತಲೆನೋವು ಬಂದು ಎರಡು ವಾರದೊಳಗೆ ಯಾವಾಗ ಬೇಕಾದರೂ ರೆಪ್ಪೆ ಬೀಳಬಹುದು. ಸಾಮಾನ್ಯವಾಗಿ ಕೆಲವು ವಾರದಲ್ಲಿ ಸರಿಹೋಗುತ್ತದೆ, ಮತ್ತೆ ಬರುತ್ತದೆ. ಪದೇ ಪದೇ ಬಂದರೆ ಕೆಲವರಿಗೆ ಸ್ವಲ್ಪ ದೋಷ ಉಳಿದೇ ಬಿಡುತ್ತದೆ. ಮಿದುಳಿನ ರಕ್ತನಾಳ ಉಬ್ಬಿದರೂ, ಗಡ್ಡೆ ಇದ್ದರೂ ಕಣ್ಣು ಹೀಗೇ ಆಗಬಹುದು. ಅದಕ್ಕೇ ಎಂಆರ್‌ಐ ಬೇಕು, ಸುಮ್ನೆ ಕಾಯುವಂತಿಲ್ಲ.

ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ವರ್ಷಕ್ಕೊಮ್ಮೆ ಸಾಲಿಗೆ ಬರುತ್ತದೆ. ಬಂದ ದಿನ ನನ್ನ ಮಗನ ಕಣ್ಣು ಸರಿಯಾಗೇ ಇತ್ತು, ಕಾರ್ಡಿನಲ್ಲಿ ಏನೂ ಬರೆಯಲಿಲ್ಲ. ಅವರದೇನು ತಪ್ಪು? ಬಂದು ಹೋಗುವ ಕಾಯಿಲೆ ಒಂದು ದಿನದ ತಪಾಸಣೆಗೆ ಹೇಗೆ ಸಿಗುತ್ತದೆ? ದಿನವೂ ಮಕ್ಕಳ ಮುಖ ನೋಡುವವರು ಮಾಸ್ತರು, ಅಕ್ಕೋರು. ತಲೆನೋವೆಂದು ಮಲಗಿದ ಮಕ್ಕಳ ಹೆಸರನ್ನು ಅವರು ಒಂದು ವಹಿಯಲ್ಲಿ ಬರೆದಿಟ್ಟು ತಂಡದ ಕೈಗೆ ಕೊಡುವಂತೆ ಜಿಲ್ಲಾ ಶಿಕ್ಷಣ ಮತ್ತು ಆರೋಗ್ಯ ಇಲಾಖೆಗಳು ಹೇಳಬೇಕು. ರೆಪ್ಪೆ ಇಳಿದಿದ್ದು ಕಂಡರೆ ಮೊಬೈಲಿನಲ್ಲಿ ಒಂದು ಫೋಟೋ ತೆಗೆದು ಅವತ್ತೇ ಮನೆಗೆ ಫೋನ್ ಮಾಡಲಿ.

— ಒಬ್ಬ ತಂದೆ, ಗದಗ