ರಾಜೀನಾಮೆ ಬರೆಯುವ ಮೊದಲು, ದಿನೇಶ

ಪ್ರಿಯ ದಿನೇಶ,

ಮಾರ್ಚ್ ಮುಗಿದ ಕೂಡಲೇ ಕೆಲಸ ಬಿಟ್ಟು ಎರಡು ವರ್ಷ ಲೋಕ ಸುತ್ತುತ್ತೇನೆ ಎಂದು ಬರೆದಿದ್ದೀಯಲ್ಲ, ಓದಿದೆ. ನಿನ್ನ ಈ ಆಸೆ ನನಗೆ ಹೊಸತಲ್ಲ. ಹೈಸ್ಕೂಲಿನಲ್ಲಿ ಅಟ್ಲಾಸ್ ಬಿಡಿಸಿಟ್ಟು ಊರಿನ ಹೆಸರು ಹುಡುಕುವ ಆಟದಲ್ಲಿ ಯಾವಾಗಲೂ ನೀನೇ ಗೆಲ್ಲುತ್ತಿದ್ದೆ. ತಿರುಗಾಟ ಬೇಡ ಅಂತ ನಾನು ಹೇಳುವುದಿಲ್ಲ. ಕೆಲಸ ಬಿಡಬೇಡ ಮಾರಾಯ, ಅಷ್ಟೇ. ಫೋನಿನಲ್ಲಿ ಹೇಳಹೊರಟರೆ ಅರ್ಧಕ್ಕೇ ಜಗಳವಾಗುತ್ತದೆ, ಅದಕ್ಕೆ ಬರೆಯುತ್ತಿದ್ದೇನೆ. ಇಂಥದ್ದೇ ಯೋಚನೆಯಲ್ಲಿರುವ ಬೇರೆಯವರೂ ಓದಲಿ ಎಂದು ನೀನು ಒಪ್ಪಿದ್ದರಿಂದ ಎಲ್ಲರ ಮುಂದೆ ಇಡುತ್ತಿದ್ದೇನೆ.

ನೀನು ವಿಡಿಯೋಗಳಲ್ಲಿ ನೋಡುವ ಹುಡುಗರು, ಬೆನ್ನಿಗೆ ಚೀಲ ಏರಿಸಿ ದೇಶದಿಂದ ದೇಶಕ್ಕೆ ದಾಟುವವರು, ಹೆಚ್ಚಿನವರು ಯುರೋಪಿನವರು, ಅಮೆರಿಕದವರು. ಅವರ ಪಾಸ್‌ಪೋರ್ಟಿಗೆ ತೆರೆಯುವ ಬಾಗಿಲು ನಮ್ಮದಕ್ಕೆ ತೆರೆಯುವುದಿಲ್ಲ. ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೆ ನಡೆಯುವ ಷೆಂಗೆನ್ ವೀಸಾಕ್ಕೆ ನಾವು ಅರ್ಜಿ ಹಾಕುವಾಗ ಸಂಬಳದ ಚೀಟಿ, ಬ್ಯಾಂಕ್ ಸ್ಟೇಟ್‌ಮೆಂಟು, ಆದಾಯ ತೆರಿಗೆ ರಿಟರ್ನ್ಸ್ ಎಲ್ಲ ಕೊಡಬೇಕು. ಅದರ ಜೊತೆಗೆ ಕಚೇರಿಯ ಪತ್ರ: ಇವರಿಗೆ ಇಷ್ಟು ದಿನ ರಜೆ ಮಂಜೂರಾಗಿದೆ, ಇಂಥ ದಿನ ಕೆಲಸಕ್ಕೆ ಹಾಜರಾಗುತ್ತಾರೆ ಎಂದು. ಅರ್ಜಿ ನೋಡುವವರಿಗೆ ನಮ್ಮಲ್ಲಿ ದುಡ್ಡೆಷ್ಟಿದೆ ಎಂಬುದರಷ್ಟೇ, ನಾವು ವಾಪಸು ಬರುತ್ತೇವೋ ಇಲ್ಲವೋ ಎಂಬುದೂ ಮುಖ್ಯ. ವೀಸಾ ಶುಲ್ಕ 90 ಯೂರೊ, ಅರ್ಜಿ ತಿರಸ್ಕಾರವಾದರೂ ಅದು ಮರಳುವುದಿಲ್ಲ. 30,000 ಯೂರೊ ಮೊತ್ತದ ಪ್ರಯಾಣ ವಿಮೆ ಬೇರೆ. ಆ ಕಿಟಕಿಯ ಮುಂದೆ ರಾಜೀನಾಮೆ ಕೊಟ್ಟು ಬಂದವನ ಕೈಯಲ್ಲಿ ಏನಿರುತ್ತದೆ ಯೋಚಿಸು. ನೀನು ಸಂಕೋಲೆ ಅನ್ನುತ್ತಿರುವ ಆ ನೌಕರಿಯೇ ನಿನ್ನ ಅರ್ಜಿಯ ಅತ್ಯಂತ ಬಲವಾದ ಕಾಗದ.

ರಜೆ ಎಲ್ಲಿದೆ ಎಂದು ಕೇಳುತ್ತೀ. ಬ್ಯಾಂಕಿನವರಾದ ನಮಗೆ ಮಾರ್ಚ್ ಕ್ಲೋಸಿಂಗ್, ಅಂದರೆ ವರ್ಷದ ಲೆಕ್ಕ ಮುಗಿಸುವ ಕೆಲಸ, ಮುಗಿಯುವವರೆಗೆ ತಲೆ ಎತ್ತಲಾಗುವುದಿಲ್ಲ. ಆದರೆ ಏಪ್ರಿಲ್ ಬಂತೆಂದರೆ ನನ್ನ ಹೆಂಡತಿಗೆ ಶಾಲೆಯ ರಜೆ, ನನ್ನ ಖಾತೆಯಲ್ಲಿ ಪಿ.ಎಲ್. (ದುಡಿದು ಗಳಿಸಿದ ಸಂಬಳ ಸಹಿತ ರಜೆ) ಸೇರಿರುತ್ತದೆ. ಎರಡನೇ, ನಾಲ್ಕನೇ ಶನಿವಾರ ಹೇಗೂ ರಜೆ. ಅಕ್ಟೋಬರಿನಲ್ಲಿ ದಸರಾ. ಹೊಸ ವರ್ಷದ ಕ್ಯಾಲೆಂಡರ್ ಮನೆಗೆ ಬಂದ ದಿನವೇ ಇಬ್ಬರೂ ಪೆನ್ನು ಹಿಡಿದು ಕೂರುತ್ತೇವೆ. ಆ ಸಂಜೆಯ ಖುಷಿ ಪ್ರಯಾಣದ ಖುಷಿಗೆ ಏನೂ ಕಡಿಮೆಯಿಲ್ಲ.

ನಾನು ಕರೆನ್ಸಿ ಚೆಸ್ಟಿನಲ್ಲಿ, ಅಂದರೆ ರಿಸರ್ವ್ ಬ್ಯಾಂಕಿನ ನೋಟು, ನಾಣ್ಯ ಇಡುವ ಖಜಾನೆಯಲ್ಲಿ, ಇದ್ದಾಗಿನ ಒಂದು ರಜೆಯ ವಿಷಯ ಹೇಳಲೇಬೇಕು. ಟ್ರೆಷರಿ, ಕರೆನ್ಸಿ ಚೆಸ್ಟಿನಂಥ ಸೂಕ್ಷ್ಮ ಜಾಗದಲ್ಲಿರುವವರನ್ನು ವರ್ಷಕ್ಕೊಮ್ಮೆ ಮುನ್ಸೂಚನೆಯಿಲ್ಲದೆ ಕನಿಷ್ಠ 10 ಕೆಲಸದ ದಿನ ಒಂದೇ ಕಂತಿನಲ್ಲಿ ಕಡ್ಡಾಯ ರಜೆಗೆ ಕಳಿಸಬೇಕೆಂದು ರಿಸರ್ವ್ ಬ್ಯಾಂಕಿನ ನಿಯಮವಿದೆ. ನಾವಿಲ್ಲದಾಗ ಬೇರೆಯವರು ಆ ಜಾಗದಲ್ಲಿ ಕೂತರೆ ಏನಾದರೂ ಮುಚ್ಚಿಟ್ಟಿದ್ದರೆ ಹೊರಬೀಳುತ್ತದೆ ಎಂಬ ಲೆಕ್ಕಾಚಾರ. ಒಂದು ಬೆಳಿಗ್ಗೆ ಆ ಆದೇಶ ನನ್ನ ಮೇಜಿಗೆ ಬಂತು. ಎರಡು ವಾರ ಯಾರೂ ಕರೆಯುವಂತಿಲ್ಲ! ವಿದೇಶಕ್ಕೆ ಹೋಗಲು ಮೇಲಿನವರ ಅನುಮತಿ ಬೇಕಿತ್ತು, ಅದು ಸಿಗುವಷ್ಟರಲ್ಲಿ ಮನೆಯಲ್ಲೇ ಕೂತು ಆನ್‌ಲೈನಿನಲ್ಲಿ ಶ್ರೀಲಂಕಾದ ಇ-ಟಿ-ಎ (ಪ್ರವೇಶದ ಅನುಮತಿ) ಮಾಡಿಸಿಕೊಂಡೆ. ಬೆಂಗಳೂರಿನಿಂದ ಕೊಲಂಬೊಗೆ ವಿಮಾನದಲ್ಲಿ ಒಂದೂವರೆ ಗಂಟೆಯ ಆಸುಪಾಸು, ಕುಂದಾಪುರದಿಂದ ಮಂಗಳೂರಿಗೆ ಬಸ್ಸಿನಲ್ಲಿ ಅದಕ್ಕಿಂತ ಹೆಚ್ಚು ಹೊತ್ತು ಬೇಕು.

ಇಳಿದ ಮರುದಿನ ಹುಣ್ಣಿಮೆ. ಅಲ್ಲಿ ಪ್ರತಿ ಹುಣ್ಣಿಮೆಗೂ ಸರಕಾರಿ ರಜೆ, ಪೋಯ ಅನ್ನುತ್ತಾರೆ. ಬ್ಯಾಂಕು ಮುಚ್ಚಿರುತ್ತದೆ, ಹೆಂಡದಂಗಡಿಯೂ ಮುಚ್ಚಿರುತ್ತದೆ. ಕೊಲಂಬೊ ಹತ್ತಿರದ ಕೆಲಣಿಯದ ಬೌದ್ಧ ವಿಹಾರಕ್ಕೆ ಹೋದರೆ ಬಿಳಿ ಬಟ್ಟೆಯ ಜನ, ಅಜ್ಜಿಯರು, ಕೈಕೂಸುಗಳು, ಕಾಲೇಜು ಹುಡುಗರು, ಎಣ್ಣೆ ದೀಪ, ನೈದಿಲೆ ಹೂವು. ಮಧ್ಯಾಹ್ನದವರೆಗೂ ಅಲ್ಲೇ ಮರದಡಿ ಕೂತಿದ್ದೆ, ಏಳಲು ಮನಸ್ಸೇ ಬರಲಿಲ್ಲ. ಮರುದಿನ ಬೆಳಿಗ್ಗೆ ಕೊಲಂಬೊದ ಫೋರ್ಟ್ ರೈಲು ಸ್ಟೇಷನ್ನಿಗೆ ಹೋದೆ. ಗಾಲೆ ಕಡೆಯಿಂದ ಸಮುದ್ರದ ಅಂಚಿನಲ್ಲೇ ಬರುವ ರೈಲಿನ ಬಾಗಿಲಿಗೆ ಜೋತುಬಿದ್ದು ಕಚೇರಿಯ ಮಂದಿ ಬಂದಿಳಿಯುತ್ತಿದ್ದರು. ಹಿಂದಿನ ದಿನ ದೀಪ ಹಚ್ಚಿದವರೇ ಇವತ್ತು ಟಿಫಿನ್ ಡಬ್ಬ ಹಿಡಿದು ಓಡುತ್ತಿದ್ದಾರೆ ಅನಿಸಿತು. ಅಂದಿನಿಂದ ಯಾವ ಊರಿಗೆ ಹೋದರೂ ಒಂದು ಬೆಳಗನ್ನು ಕೆಲಸಕ್ಕೆ ಹೋಗುವವರನ್ನು ನೋಡಲೆಂದೇ ಇಟ್ಟುಕೊಳ್ಳುತ್ತೇನೆ. ನಾನೂ ಅವರಂಥವನೇ ಆದ್ದರಿಂದ ಅವರ ಅವಸರ, ಆಯಾಸ ನನಗೆ ತಿಳಿಯುತ್ತದೆ.

ಇನ್ನು ಸಿಯೆನಾ. ಇಟಲಿಗೆ ಹೋಗುವವರು ರೋಮ್, ವೆನಿಸ್ ಎನ್ನುತ್ತಾರೆ. ನಾನು ಹೋದದ್ದು ಮುಖ್ಯವಾಗಿ ಒಂದು ಬ್ಯಾಂಕನ್ನು ನೋಡಲು. ಫ್ಲಾರೆನ್ಸಿನಿಂದ ಬಸ್ಸು ಹತ್ತಿದರೆ ದ್ರಾಕ್ಷಿ ತೋಟ, ಆಲಿವ್ ಮರಗಳ ಗುಡ್ಡ ದಾಟಿ ಈ ಬೆಟ್ಟದ ಊರು ಸಿಗುತ್ತದೆ. ಅಲ್ಲಿ 1472ರಲ್ಲಿ ಶುರುವಾದ ಮೊಂತೆ ದೆಯ್ ಪಾಸ್ಕಿ ಎಂಬ ಬ್ಯಾಂಕು ಇವತ್ತಿಗೂ ಬಾಗಿಲು ತೆರೆಯುತ್ತದೆ. ಲೋಕದಲ್ಲಿ ಈಗಲೂ ನಡೆಯುತ್ತಿರುವ ಬ್ಯಾಂಕುಗಳಲ್ಲಿ ಅತ್ಯಂತ ಹಳೆಯದು. ಬಡವರು ಬಡ್ಡಿಯವರ ಕೈಗೆ ಸಿಕ್ಕಿ ಹಾಳಾಗಬಾರದೆಂದು, ಅಡವಿಟ್ಟ ವಸ್ತುವಿನ ಮೇಲೆ ಸಾಲ ಕೊಡಲು ಊರಿನ ಆಡಳಿತವೇ ಅದನ್ನು ತೆರೆಯಿತು. ನಮ್ಮ ಶಾಖೆಯ ಬಂಗಾರದ ಸಾಲದ ಕೌಂಟರು ನೆನಪಾಯಿತು. ಜೂನಿನಲ್ಲಿ ಶಾಲೆಯ ಫೀಸಿಗೆಂದು ಬಳೆ ಬಿಚ್ಚಿಕೊಡುವ ಹೆಂಗಸರು, ತಕ್ಕಡಿಯ ಮೇಲೆ ಕಣ್ಣು ನೆಟ್ಟು ನಿಲ್ಲುವ ಅವರ ಗಂಡಂದಿರು. ಸಾಲಿಂಬೇನಿ ಚೌಕದಲ್ಲಿ ಆ ಕಲ್ಲಿನ ಕಟ್ಟಡದ ಎದುರು ನಿಂತಾಗ ನನಗೆ ಕಣ್ಣು ತುಂಬಿ ಬಂತು ದಿನೇಶ. 2017ರಲ್ಲಿ ಇಟಲಿ ಸರಕಾರವೇ ಹಣ ಹಾಕಿ ಈ ಬ್ಯಾಂಕನ್ನು ಉಳಿಸಿಕೊಳ್ಳಬೇಕಾಯಿತು. ಶತಮಾನಗಳನ್ನು ದಾಟಿ ಬಂದದ್ದಕ್ಕೂ ಕೆಟ್ಟ ಸಾಲಗಳ ಕಾಟ ತಪ್ಪಲಿಲ್ಲ. ಒಳಗಿನಿಂದ ಊಟಕ್ಕೆಂದು ಹೊರಬಂದ ಇಬ್ಬರು ಸಿಬ್ಬಂದಿಯೊಂದಿಗೆ ಅರ್ಧ ಇಂಗ್ಲಿಷ್, ಅರ್ಧ ಕೈಸನ್ನೆಯಲ್ಲಿ ಮಾತಾಡಿದೆ. ನಾನೂ ಬ್ಯಾಂಕಿನವನು, ಭಾರತದವನು ಎಂದು ತಿಳಿದದ್ದೇ ತಡ, ಒಬ್ಬ ಕೈಕುಲುಕಿ ಹತ್ತಿರದ ಅಂಗಡಿಯಲ್ಲಿ ಕಾಫಿ ಕೊಡಿಸಿದ. ನಾನು ನೌಕರಿ ಬಿಟ್ಟು ಬಂದಿದ್ದರೆ ಆ ಚೌಕದಲ್ಲಿ ಫೋಟೊ ತೆಗೆದು ಮುಂದೆ ಹೋಗುತ್ತಿದ್ದೆನೇನೋ.

ದುಡ್ಡಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಉಡುಪಿಯ ಸಂಸ್ಥೆ 1928ರಲ್ಲಿ ದಿನಕ್ಕೆ ಎರಡಾಣೆ ಕಟ್ಟುವ ಪಿಗ್ಮಿ ಉಳಿತಾಯ ಶುರುಮಾಡಿದ ಜಿಲ್ಲೆಯವರು ನಾವು. ತಿಂಗಳ ಮೊದಲ ವಾರವೇ ಆರ್.ಡಿ.ಗೆ (ತಿಂಗಳು ತಿಂಗಳು ಕಟ್ಟುವ ಠೇವಣಿಗೆ) ಕಟ್ಟಿಬಿಡು, ಮದುವೆ ಮುಂಜಿ ಏನೇ ಬಂದರೂ ಆ ಖಾತೆ ಮುಟ್ಟಬೇಡ. ಕೆಲಸ ಬಿಟ್ಟರೆ ನಿಲ್ಲುವುದು ಸಂಬಳವೊಂದೇ ಅಲ್ಲ. ಪಿ.ಎಫ್. ಕಂತು, ಅಮ್ಮನ ಹೆಸರೂ ಸೇರಿರುವ ಕಂಪನಿಯ ಆರೋಗ್ಯ ವಿಮೆ ಕೂಡ ನಿಲ್ಲುತ್ತದೆ. ಅಮ್ಮನ ಮಂಡಿಯ ಆಪರೇಷನ್ ಇನ್ನೂ ಬಾಕಿ ಇದೆಯಲ್ಲ?

ನಿವೃತ್ತಿಯ ನಂತರ ನೋಡೋಣ ಎನ್ನುವ ಮಾತನ್ನೂ ನಾನು ಒಪ್ಪುವುದಿಲ್ಲ. ನಮ್ಮ ಶಾಖೆಯಲ್ಲಿ ರಜೆಯನ್ನೆಲ್ಲ ಕೂಡಿಟ್ಟು ನಗದು ಮಾಡಿಕೊಂಡ ಹಿರಿಯರೊಬ್ಬರಿದ್ದರು. ಕಾಶ್ಮೀರ, ಕೈಲಾಸ ಎಂದು ಹೇಳುತ್ತಲೇ ಇದ್ದರು. ನಿವೃತ್ತಿಯಾದ ವರ್ಷವೇ ಪಾರ್ಶ್ವವಾಯು ಹೊಡೆಯಿತು. ಅವರ ಮನೆಗೆ ಹೋದಾಗಲೆಲ್ಲ ನನ್ನ ಪ್ರಯಾಣದ ಫೋಟೊ ಕೇಳಿ ಒಂದೊಂದನ್ನೂ ನಿಧಾನವಾಗಿ ನೋಡುತ್ತಾರೆ. ಅದಕ್ಕೇ ಹೇಳುವುದು, ಎರಡು ವರ್ಷ ಒಟ್ಟಿಗೆ ಬೇಡ, ಇಪ್ಪತ್ತು ವರ್ಷ ಬಿಟ್ಟೂ ಬೇಡ, ಈ ವರ್ಷದ ರಜೆ ಈ ವರ್ಷವೇ.

ದಸರಾಕ್ಕೆ ನಾನು, ನನ್ನ ಹೆಂಡತಿ ಇಬ್ಬರೂ ಮಲೇಷ್ಯಾದ ಪೆನಾಂಗಿಗೆ ಹೊರಟಿದ್ದೇವೆ, ನೀನೂ ಬಾ. ಮಲೇಷ್ಯಾದವರು 2023ರ ಡಿಸೆಂಬರಿನಿಂದ ಭಾರತೀಯರಿಗೆ 30 ದಿನದವರೆಗೆ ವೀಸಾ ಕೇಳುತ್ತಿಲ್ಲ. ಅಲ್ಲಿಗೆ ತಲುಪುವ ಮೊದಲಿನ ಮೂರು ದಿನದೊಳಗೆ ಆನ್‌ಲೈನಿನಲ್ಲಿ ಒಂದು ಅರ್ಜಿ ತುಂಬಿದರೆ ಆಯಿತು. ಪೆನಾಂಗಿನ ಜಾರ್ಜ್ ಟೌನ್ ನಗರದಲ್ಲಿ ಬ್ಯಾಂಕುಗಳದ್ದೇ ಒಂದು ಹಳೆಯ ಬೀದಿಯಿದೆ, ಅದು ನನಗೆ. ತಿಂಡಿ ಗಾಡಿಗಳ ಸಾಲು ನಿನಗೆ. ನಿನ್ನ ಪಾಸ್‌ಪೋರ್ಟಿನ ಅವಧಿ ಆರು ತಿಂಗಳಿಗಿಂತ ಹೆಚ್ಚು ಉಳಿದಿದೆಯೇ ಎಂದು ಇವತ್ತೇ ತೆಗೆದು ನೋಡು. ಸೋಮವಾರ ಮ್ಯಾನೇಜರ ಹತ್ತಿರ ರಜೆ ಕೇಳು. ಮಂಗಳವಾರ ಸಂಜೆ ಟಿಕೆಟ್ ಬುಕ್ ಮಾಡುತ್ತೇನೆ, ಅಷ್ಟರೊಳಗೆ ಹೂಂ ಅನ್ನು.

ಅಮ್ಮನಿಗೆ ನನ್ನ ನಮಸ್ಕಾರ ತಿಳಿಸು.

ನಿನ್ನ
ರಾಘು